ಸ್ಪಷ್ಟನೆ: ಕಿರಿಯ ಅಧಿಕಾರಿಗಳು ‘ಹಿಂದೆ ಕೂರುತ್ತಾರೆ’ ಅನ್ನೋದು ಸುಳ್ಳು

ಮೈಸೂರು, ಮಂಡ್ಯ ಕಡೆಯ ಕಾಲೇಜು ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ‘ಸೇನೆಯಲ್ಲಿ ಲೆಫ್ಟಿನೆಂಟ್, ಕ್ಯಾಪ್ಟನ್ ಆದವರು ಹಿಂದೆ ಕೂತು ವೈರ್‌ಲೆಸ್‌ನಲ್ಲಿ ಆರ್ಡರ್ ಕೊಡ್ತಾರೆ, ಗುಂಡಿಗೆ ಎದೆಯೊಡ್ಡೋದು ಜವಾನರು ಮಾತ್ರ. ಮಕ್ಕಳಿಂದ ಧೈರ್ಯವಾಗಿ ಸಿಡಿಎಸ್ ಬರೆಸಿ’ ಅಂತ. ಇದು ತಪ್ಪು. ಸಿಡಿಎಸ್ ಅಂದರೆ ಸೇನಾ ಅಧಿಕಾರಿಯಾಗೋಕೆ ಬರೆಯುವ ಪರೀಕ್ಷೆ. ಅದನ್ನು ಬರೆಸೋದಕ್ಕೆ ತಕರಾರಿಲ್ಲ, ಕೊಟ್ಟಿರುವ ಕಾರಣ ಸರಿಯಿಲ್ಲ.

1999ರ ಕಾರ್ಗಿಲ್ ಯುದ್ಧವನ್ನೇ ನೋಡಿ. ಪರಮವೀರ ಚಕ್ರ ಸಿಕ್ಕಿದ್ದು ನಾಲ್ವರಿಗೆ. ಅವರಲ್ಲಿ ವಿಕ್ರಂ ಬಾತ್ರಾ, ಮನೋಜ್ ಕುಮಾರ್ ಪಾಂಡೆ ಕಿರಿಯ ಅಧಿಕಾರಿಗಳು. ಇಬ್ಬರಿಗೂ ಆಗ 24 ವರ್ಷ. ಇಬ್ಬರೂ ವಾಪಸ್ ಬರಲಿಲ್ಲ. ಬದುಕಿ ಪದಕ ಪಡೆದ ಯೋಗೇಂದ್ರ ಸಿಂಗ್ ಯಾದವ್, ಸಂಜಯ್ ಕುಮಾರ್ ಇಬ್ಬರೂ ಜವಾನರು. ಮೆಸೇಜಿಗೆ ಪೂರ್ತಿ ಉಲ್ಟಾ ಅಲ್ವಾ?

ಪಾಂಡೆಯವರ ಪದಕದ ಜೊತೆಗಿನ ಸರ್ಕಾರಿ ವಿವರಣೆ ಓದಿ. ಖಾಲುಬಾರ್ ಬೆಟ್ಟದ ಮೇಲೆ ತಮ್ಮ ಪ್ಲಟೂನಿನ (ಸಣ್ಣ ತುಕಡಿಯ) ಮುಂದೆ ನಿಂತು ಒಂದೊಂದೇ ಬಂಕರ್ ತೆರವು ಮಾಡುತ್ತಾ ಹೋದರು. ಮೂರನೆಯದರ ಹತ್ತಿರ ಭುಜಕ್ಕೂ ಕಾಲಿಗೂ ಗುಂಡು ಬಿತ್ತು. ನಿಲ್ಲಲಿಲ್ಲ. ನಾಲ್ಕನೆಯದಕ್ಕೆ ಗ್ರೆನೇಡ್ ಎಸೆಯುವಾಗ ಹಣೆಗೇ ಗುಂಡು ತಗುಲಿತು. ವೈರ್‌ಲೆಸ್ ಹಿಡಿದು ಕೂತವರ ಕಥೆಯಲ್ಲ ಇದು.

ಮೆಸೇಜ್‌ನಲ್ಲಿ ಚೂರು ನಿಜ ಇರೋದು ಮೇಲಿನ ದರ್ಜೆಯವರ ವಿಷಯದಲ್ಲಿ. ಇಡೀ ಬೆಟಾಲಿಯನ್ ನೋಡಿಕೊಳ್ಳುವ ಕರ್ನಲ್ ಸಾಮಾನ್ಯವಾಗಿ ಸ್ವಲ್ಪ ಹಿಂದಿರುತ್ತಾರೆ, ಅದರೊಳಗಿನ ಎಲ್ಲ ಕಂಪನಿಗಳನ್ನೂ (ತುಕಡಿಗಳನ್ನೂ) ಹೊಂದಿಸಬೇಕಲ್ಲ. ಕಾಲಾಳು ಪಡೆಯ ಹೊಸ ಲೆಫ್ಟಿನೆಂಟ್‌ಗೆ ಆ ಅನುಕೂಲ ಇಲ್ಲ. ತೋಪುಖಾನೆಯ ಯುವ ಅಧಿಕಾರಿಯೂ ಶೆಲ್ ಎಲ್ಲಿ ಬೀಳಬೇಕು ಅಂತ ಹೇಳೋಕೆ ಕಾಲಾಳುಗಳ ಜೊತೆಗೇ ಮುಂದೆ ಹೋಗುತ್ತಾನೆ.

ಸುಮ್ನೆ ಮನೆಯವರಿಗೆ ಸಮಾಧಾನವಾಗಲಿ ಅಂತ ಯಾರೋ ಬರೆದಿರಬಹುದು. ಆದರೂ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.