ಈ ರಾತ್ರಿ ಡ್ಯೂಟಿಗೆ ಯಾರಿದ್ದಾರೆ?

ಕಬ್ಬಿನ ಸೀಸನ್ ಬಂತು. ಜಮಖಂಡಿ, ಮುಧೋಳ ಕಡೆ ರಸ್ತೆ ತುಂಬ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ.

ಮೂರು ವರ್ಷದ ಹಿಂದೆ ನಮ್ಮ ಕಾಕಾ ಬೈಕಲ್ಲಿ ಬರುವಾಗ ಅಂಥದೇ ಒಂದು ಟ್ರೇಲರ್‌ಗೆ ಹಿಂದಿನಿಂದ ಬಡಿದರು. ರಾತ್ರಿ ಹತ್ತೂವರೆ. ಅರ್ಧ ಗಂಟೆಯಲ್ಲಿ ಹತ್ತಿರದ ಆಸ್ಪತ್ರೆ ಮುಟ್ಟಿದೆವು. ದೊಡ್ಡ ಕಟ್ಟಡ. ಸಿಟಿ ಸ್ಕ್ಯಾನ್ ಮಷೀನ್ ಇತ್ತು, ಟೆಕ್ನಿಷಿಯನ್ ಸಂಜೆಯೇ ಮನೆಗೆ ಹೋಗಿದ್ದರು. ಆಪರೇಷನ್ ಥಿಯೇಟರ್‌ಗೆ ಬೀಗ. ಅರಿವಳಿಕೆ ಡಾಕ್ಟರಿಗೆ ಫೋನ್ ಮಾಡ್ತೀವಿ ಅಂತ ಒಂದೂವರೆ ಗಂಟೆ ಕೂರಿಸಿ ಕೊನೆಗೆ ಹೇಳಿದ್ದು, "ಇಲ್ಲಿ ಆಗಂಗಿಲ್ರಿ, ವಿಜಯಪುರಕ್ಕ ಒಯ್ರಿ."

ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಸಲೈನ್ ಹಚ್ಚಿದರು, ಕುತ್ತಿಗೆಗೆ ಕಾಲರ್ ಹಾಕಿದರು, ರಕ್ತ ಸೋರೋದು ಕಡಿಮೆ ಆಗಲಿ ಅಂತ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಕೊಟ್ಟರು. ಅದನ್ನು ಪೆಟ್ಟಾದ 3 ಗಂಟೆಯೊಳಗೇ ಕೊಡಬೇಕಂತೆ. ಅವರ ಕೈಲಾದದ್ದು ಅಷ್ಟೇ. ಆದರೆ ಕಾಕಾನ ಮೊಣಕಾಲಿನ ಹಿಂದೆ ರಕ್ತನಾಳ ಹರಿದಿತ್ತು. ಅಂಥ ಕಾಲಿಗೆ ಸುಮಾರು 6 ಗಂಟೆಯೊಳಗೆ ಮತ್ತೆ ರಕ್ತ ಹರಿಯಬೇಕು. ನಾಳ ಜೋಡಿಸುವ ಸರ್ಜನ್ ಸಿಗೋ ಹೊತ್ತಿಗೆ ಬೆಳಗಾಗಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಟ್ರಾಮಾ ಸೆಂಟರ್, ಅಂದರೆ ಹೀಗೆ ಪೆಟ್ಟಾದವರನ್ನು ನೋಡಿಕೊಳ್ಳೋ ಆಸ್ಪತ್ರೆ, ಅಂದಕೂಡಲೇ ಮಷೀನು, ಮಂಚ ಅಂತಲೇ ನಾವು ಲೆಕ್ಕ ಹಾಕ್ತೀವಿ. ಮನುಷ್ಯರ ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೂ, ಹಗಲು ರಾತ್ರಿ ಒಬ್ಬ ಅರಿವಳಿಕೆ ಡಾಕ್ಟರ್ ಇರಬೇಕಾದರೆ ನಾಲ್ಕು ಮಂದಿ ಬೇಕು. ರಜೆ, ಜ್ವರ, ಮನೆಯ ಮದುವೆ ಸೇರಿಸಿದರೆ ಐದು. ಸರ್ಜನ್, ಮೂಳೆ ಡಾಕ್ಟರ್, ಸ್ಕ್ಯಾನ್ ಟೆಕ್ನಿಷಿಯನ್, ರಕ್ತನಿಧಿಯವರು, ಎಲ್ಲರಿಗೂ ಇದೇ ಲೆಕ್ಕ. ವೆಂಟಿಲೇಟರ್ ಮೇಲಿರುವ ರೋಗಿಯ ಪಕ್ಕ ಒಬ್ಬ ನರ್ಸ್ ಬೇಕೇ ಬೇಕು. ಒಂದೊಂದು ಹುದ್ದೆಗೆ ಒಬ್ಬೊಬ್ಬರನ್ನು ನೇಮಿಸಿದರೆ ರಾತ್ರಿ ಬೀಗ ಬೀಳದೆ ಇನ್ನೇನಾಗುತ್ತೆ?

2025ರಲ್ಲಿ ಕೇಂದ್ರ ಸರ್ಕಾರ ಅಪಘಾತದಲ್ಲಿ ಗಾಯಗೊಂಡವರಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಕ್ಯಾಶ್‌ಲೆಸ್ ಚಿಕಿತ್ಸೆಯ ಯೋಜನೆ ತಂದಿದೆ. ತುಂಬ ಒಳ್ಳೆಯದಾಯಿತು. ಆದರೆ ಅವತ್ತು ನಮ್ಮ ಕೈಯಲ್ಲಿ ದುಡ್ಡಿತ್ತು. ಇಸಿದುಕೊಂಡು ಆಪರೇಷನ್ ಮಾಡುವವರೇ ಇರಲಿಲ್ಲ.

ಈ ನೇಮಕಾತಿ ಒಂದು ದಿನದಲ್ಲಿ ಆಗೋದಲ್ಲ, ಗೊತ್ತು. ಅಲ್ಲಿಯತನಕ ಒಂದು ಕೆಲಸ ಮಾಡಲಿ. ಈ ರಾತ್ರಿ ಯಾವ ಆಸ್ಪತ್ರೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಅನ್ನೋದು ದಿನಾ ಸಂಜೆಯೇ 108ರವರಿಗೆ ತಿಳಿಯಲಿ, ಆಸ್ಪತ್ರೆ ಗೇಟಿನ ಬೋರ್ಡಿನಲ್ಲೂ ಬರೆಯಲಿ. ಸರ್ಜನ್ ಇಲ್ಲ ಅಂತ ಮೊದಲೇ ಗೊತ್ತಿದ್ದರೆ ನಾವು ಆ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂರುತ್ತಿರಲಿಲ್ಲ. ಅಷ್ಟರಲ್ಲಿ ವಿಜಯಪುರ ಮುಟ್ಟಿರುತ್ತಿದ್ದೆವು.