ನಿಂತಲ್ಲೇ ಬ್ಯಾಟರಿ ತಿನ್ನುವ ಕಾರು

ತುಮಕೂರಿನಲ್ಲಿ ಮನೆ ಮಾಡಿಕೊಂಡು, 70 ಕಿಲೋಮೀಟರ್ ದೂರದ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಓಡಾಡುವವರ ಪಾಲಿಗೆ ಕಾರು ಎಂಬುದು ವಾರವಿಡೀ ನಿಂತೇ ಇರುವ ವಾಹನ. ಸೋಮವಾರದಿಂದ ಅದರ ಮೇಲೆ ಧೂಳು ಕೂರುತ್ತದೆ, ಬೀದಿಯ ಬೆಕ್ಕು ಮಲಗುತ್ತದೆ. ಶನಿವಾರ ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನಬೇಕೆನಿಸಿದಾಗ ಮಾತ್ರ ಮನೆಯವರಿಗೆ ಅದರ ನೆನಪಾಗುತ್ತದೆ. ಎಸ್.ಎಸ್. ಪುರಂನ ನಮ್ಮ ಮನೆಯ ಮುಂದಿರುವ ಸೆಕೆಂಡ್ ಹ್ಯಾಂಡ್ ಕಾರು ಈ ಉದಾಸೀನಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಕೊಡತೊಡಗಿತು. ಪ್ರತಿ ಶನಿವಾರವೂ ಕೀಲಿ ತಿರುಗಿಸಿದೊಡನೆ 'ಕಟಕಟ' ಎಂದು ಸದ್ದು ಮಾಡಿ, ಡ್ಯಾಶ್‌ಬೋರ್ಡಿನ ದೀಪಗಳನ್ನು ಒಮ್ಮೆ ಮಿಣುಕಿಸಿ, ಸುಮ್ಮನಾಗುತ್ತಿತ್ತು.

ಬಾನೆಟ್ ಎತ್ತಿದರೆ ಸಾಕು, ನಮ್ಮ ಬೀದಿಯಲ್ಲಿ ಜನ ಸೇರುತ್ತಾರೆ. ಎದುರು ಮನೆಯ ನಿವೃತ್ತ ಬಸ್ ಚಾಲಕರು ಬ್ಯಾಟರಿಯ ಕಡೆಗೆ ಕಣ್ಣೂ ಹಾಯಿಸದೆ, "ಸೆಕೆಂಡ್ ಗೇರ್ ಹಾಕ್ಕೊಂಡು ಕ್ಲಚ್ ತುಳ್ಕೊಂಡು ಕೂತ್ಕೊಳ್ಳಿ ಸ್ವಾಮಿ, ನಾವು ತಳ್ತೀವಿ" ಎಂದು ಪಂಚೆ ಮೇಲಕ್ಕೆ ಕಟ್ಟಿದರು. ಹಾಲಿನವನು, ಪತ್ರಿಕೆ ಹಾಕುವ ಹುಡುಗ, ಬೆಳಗಿನ ನಡಿಗೆಗೆ ಹೊರಟ ಇಬ್ಬರು ಹಿರಿಯರು ಎಲ್ಲರೂ ಸೇರಿ ಬೀದಿಯ ಕೊನೆಯವರೆಗೂ ತಳ್ಳಿದರೂ ಎಂಜಿನ್ ಕೆಮ್ಮಲೂ ಇಲ್ಲ. ಹಳೆಯ ಕಾರ್ಬ್ಯುರೇಟರ್ ಗಾಡಿಗಳ ಕಾಲದಲ್ಲಿ ಈ ವಿದ್ಯೆ ನಡೆಯುತ್ತಿತ್ತು ಎಂಬುದು ನಿಜ. ಇಂದಿನ ಕಾರುಗಳಲ್ಲಿ ಪೆಟ್ರೋಲನ್ನು ಎಂಜಿನ್ನಿಗೆ ತಲುಪಿಸುವ ಪಂಪೂ ಅದನ್ನು ಆಳುವ ಕಂಪ್ಯೂಟರೂ ವಿದ್ಯುತ್ತಿನಿಂದಲೇ ನಡೆಯುವುದರಿಂದ, ಬ್ಯಾಟರಿ ಪೂರ್ತಿ ಸತ್ತ ಮೇಲೆ ಅದನ್ನು ಶಿರಾದವರೆಗೆ ತಳ್ಳಿದರೂ ಫಲವಿಲ್ಲ. ಇದನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ತಳ್ಳಿದವರೆಲ್ಲ ಬೀದಿಯ ಆ ತುದಿಯಲ್ಲೇ ಬಿಟ್ಟು ಹೋಗಿದ್ದರು.

ಎರಡನೆಯ ಅಭಿಪ್ರಾಯ ಹೊಸ ಬ್ಯಾಟರಿ ಹಾಕಿಸಬೇಕೆಂಬುದು. ಆದರೆ ಬ್ಯಾಟರಿ ಅಂಗಡಿಯವರು ಅಪರೂಪದ ಮನುಷ್ಯರು. ಇದ್ದ ಬ್ಯಾಟರಿಗೇ ರಾತ್ರಿಯಿಡೀ ಚಾರ್ಜ್ ಕೊಟ್ಟು, ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸುತ್ತಿರುವುದನ್ನು ಕಣ್ಣಾರೆ ತೋರಿಸಿ, ಲೋಡ್ ಟೆಸ್ಟರ್ ಹಚ್ಚಿ ಪರೀಕ್ಷಿಸಿ, "ಇದು ಗಟ್ಟಿಯಾಗಿದೆ ಸಾರ್, ನಿಮ್ಮ ಗಾಡಿನೇ ಇದನ್ನ ತಿಂತಿದೆ" ಎಂದು ತೀರ್ಪಿತ್ತರು. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ 14 ವೋಲ್ಟ್ ಕೊಡುತ್ತಿದ್ದುದರಿಂದ ಆ ಬದಿಯಲ್ಲೂ ದೋಷವಿರಲಿಲ್ಲ. ಹಾಗಾದರೆ ಬೀಗ ಹಾಕಿ ನಿಲ್ಲಿಸಿದ ಕಾರಿನೊಳಗೆ ಯಾರೋ ಎಚ್ಚರವಾಗಿದ್ದಾರೆ ಎಂದಾಯಿತು.

ಅವರೇ ಕಳುಹಿಸಿದ ಆಟೋ ಎಲೆಕ್ಟ್ರಿಷಿಯನ್ ನಿಂತ ಕಾರು ಎಳೆಯುವ ವಿದ್ಯುತ್ತನ್ನು ಅಳೆಯಲು ಭಾನುವಾರ ಮಲ್ಟಿಮೀಟರ್ ಹಿಡಿದು ಬಂದರು. ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಜೋಡಿಸಿದರು. ಮೀಟರ್ ಹೀಗಿರುವಾಗ ಕೀಲಿ ತಿರುಗಿಸಿದರೆ, ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುವ ಸ್ಟಾರ್ಟರ್ ಮೀಟರಿನ ಫ್ಯೂಸನ್ನು ಸುಟ್ಟುಬಿಡುತ್ತದೆಂದು ಹೇಳಿ ಕೀಲಿಯನ್ನು ತಮ್ಮ ಜೇಬಿಗೇ ಇಳಿಸಿಕೊಂಡರು. ಬಳಿಕ ಬಾಗಿಲನ್ನು ತೆರೆದಿಟ್ಟು, ಅದರ ಅಂಚಿನ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕೂರಿಸಿ, ಬಾಗಿಲು ಮುಚ್ಚಿದೆಯೆಂದು ಕಾರನ್ನೇ ನಂಬಿಸಿದರು. "ಇನ್ನು ಗಾಡಿ ಮಲಗಬೇಕು ಸಾರ್, ಅರ್ಧ ಗಂಟೆ ಯಾರೂ ಮುಟ್ಟಬಾರದು" ಎಂದರು. ಒಳಗಿದ್ದ ನಮ್ಮ ಅತ್ತೆಯವರು ಇದನ್ನು ಕೇಳಿಸಿಕೊಂಡು ಟಿ.ವಿ.ಯ ಸದ್ದು ತಗ್ಗಿಸಿದರು.

ಕಾರಿನ ಕಂಪ್ಯೂಟರುಗಳು ಒಂದೊಂದಾಗಿ ನಿದ್ದೆಗೆ ಜಾರುವುದು ಮೀಟರಿನಲ್ಲಿ ಕಾಣುತ್ತದೆ. ಎರಡು ಆಂಪಿಯರಿನಷ್ಟಿದ್ದ ಅಂಕಿ ಮೆಟ್ಟಿಲಿಳಿಯುತ್ತಾ ಬರುತ್ತಿತ್ತು. ಆದರೆ ತುಮಕೂರಿನ ಸಜ್ಜನರು ತೆರೆದ ಕಾರಿನ ಬಾಗಿಲನ್ನು ಕಂಡು ಸುಮ್ಮನೆ ಹೋಗುವವರಲ್ಲ. ದಾರಿಹೋಕರೊಬ್ಬರು "ಬಾಗ್ಲು ತೆಗೆದೇ ಇದೆ ನೋಡ್ರಿ" ಎಂದು ಧಡಾರನೆ ನೂಕಿದರು. ಲ್ಯಾಚ್ ಮೊದಲೇ ಕೂತಿದ್ದರಿಂದ ಬಾಗಿಲು ಹಾಕಿಕೊಳ್ಳಲಿಲ್ಲ. ಅವರು ಹ್ಯಾಂಡಲ್ ಎಳೆದು ಸರಿಪಡಿಸಿದರು, ಲ್ಯಾಚ್ ಬಿಚ್ಚಿಕೊಂಡಿತು, ಒಳಗಿನ ದೀಪ ಬೆಳಗಿತು, ಕಾರು ಎದ್ದು ಕೂತಿತು, ಅಂಕಿ ಮತ್ತೆ ಮೇಲೇರಿತು. ಎಲೆಕ್ಟ್ರಿಷಿಯನ್ ಏನೂ ಮಾತಾಡದೆ ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡರು. ಇಂಥ ಪರೋಪಕಾರ ಆ ಬೆಳಿಗ್ಗೆ ಇನ್ನೂ ನಡೆದುದರಿಂದ, ಕೊನೆಗೆ ನಾನೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾವಲು ಕೂರಬೇಕಾಯಿತು.

ಅಂತೂ ಕಾರು ಮಲಗಿದಾಗ ಅಂಕಿ 0.38 ಆಂಪಿಯರಿಗೆ ಬಂದು ನಿಂತಿತು. ಗಡಿಯಾರ ಮತ್ತು ಅಲಾರಂ ಮುಂತಾದವುಗಳ ನಿತ್ಯದ ಖರ್ಚಿಗೆ 0.05 ಆಂಪಿಯರಿನ ಒಳಗಿನ ಎಳೆತವನ್ನು ಕ್ಷಮಿಸಬಹುದು. 0.38 ಎಂದರೆ ದಿನಕ್ಕೆ 9 ಆಂಪಿಯರ್-ಗಂಟೆ. ನಮ್ಮದು 35 ಆಂಪಿಯರ್-ಗಂಟೆಯ ಬ್ಯಾಟರಿ. ಸೋಮವಾರ ಬೆಳಿಗ್ಗೆ ತುಂಬಿದ್ದದ್ದು ಶುಕ್ರವಾರದ ರೈಲು ಇಳಿಯುವ ಮೊದಲೇ ಏಕೆ ಖಾಲಿಯಾಗುತ್ತಿತ್ತೆಂಬುದಕ್ಕೆ ಈ ಲೆಕ್ಕಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

ಎಲೆಕ್ಟ್ರಿಷಿಯನ್ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರು. ಯಾವ ಫ್ಯೂಸ್ ಕಿತ್ತಾಗ ಅಂಕಿ ಬೀಳುತ್ತದೆಯೋ ಆ ದಾರಿಯಲ್ಲಿ ಕಳ್ಳನಿದ್ದಾನೆಂದು ಲೆಕ್ಕ. ಎಲ್ಲವನ್ನೂ ಕಿತ್ತರೂ ಅಂಕಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. "ಮೀಟರೇ ಕೆಟ್ಟಿದೆ" ಎಂದರು ನಿವೃತ್ತ ಚಾಲಕರು. ಎಲೆಕ್ಟ್ರಿಷಿಯನ್ ಮಾತ್ರ, ಇದು ಫ್ಯೂಸ್ ಬಾಕ್ಸಿಗೇ ಬಾರದೆ ಬ್ಯಾಟರಿಯಿಂದ ನೇರವಾಗಿ ಹೋಗಿರುವ ವೈರು ಎಂದು ಹೇಳಿ, ಪಾಸಿಟಿವ್ ಟರ್ಮಿನಲ್ಲಿನಲ್ಲಿ ಟೇಪು ಸುತ್ತಿಕೊಂಡಿದ್ದ ಕೆಂಪು ವೈರೊಂದರ ಬೆನ್ನು ಹತ್ತಿದರು. ಅದು ಕಾರ್ಪೆಟ್ಟಿನ ಅಡಿಯಲ್ಲಿ ನುಸುಳಿ, ಚಾಲಕನ ಸೀಟಿನ ಕೆಳಗಿದ್ದ ಕಪ್ಪು ಪೆಟ್ಟಿಗೆಯೊಂದರಲ್ಲಿ ಕೊನೆಗೊಂಡಿತ್ತು. ಪೆಟ್ಟಿಗೆಯ ಮೇಲೆ ಪುಟ್ಟ ಹಸಿರು ದೀಪ ಉರಿಯುತ್ತಿತ್ತು.

ಅದು ಸ್ಟೀರಿಯೊದ ಸದ್ದು ಹೆಚ್ಚಿಸಿ ಸ್ಪೀಕರುಗಳಿಗೆ ಕೊಡುವ ಆಂಪ್ಲಿಫೈಯರ್. ಸ್ಟೀರಿಯೊ ಆರಿದಾಗ ಅದೂ ಆರಬೇಕೆಂದು ಸ್ಟೀರಿಯೊಗೆ ಜೋಡಿಸಬೇಕಾದ ಸಣ್ಣ ವೈರನ್ನು, ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಮುಖ್ಯ ವೈರಿಗೇ ತಿರುಚಿ ಬಿಟ್ಟಿದ್ದರು. ಇದಕ್ಕಿಂತ ಸೋಜಿಗವೆಂದರೆ, ಅದರಿಂದ ಹೊರಟ ಸ್ಪೀಕರ್ ವೈರುಗಳ ತುದಿಯಲ್ಲಿ ಸ್ಪೀಕರುಗಳೇ ಇರಲಿಲ್ಲ. ಅದನ್ನು ಕಳಚಿದಾಗ ಮೀಟರ್ 0.03ಕ್ಕೆ ಇಳಿಯಿತು.

ಗುಬ್ಬಿಯಲ್ಲಿರುವ ಹಿಂದಿನ ಮಾಲೀಕರಿಗೆ ಫೋನ್ ಮಾಡಿದೆ. ನನ್ನ ದೂರನ್ನು ಅರ್ಧಕ್ಕೇ ತಡೆದು ಅವರು ಹರ್ಷದಿಂದ, "ಅಯ್ಯೋ, ಅದು ಅಲ್ಲಿದೆಯಾ? ಸ್ಪೀಕರೆಲ್ಲಾ ಬಿಚ್ಕೊಂಡು ಬಂದೆ, ಅದೊಂದು ಎಲ್ಲಿಟ್ಟೆ ಅಂತ ಮನೆಯೆಲ್ಲಾ ಹುಡುಕಿದೀನಿ" ಎಂದರು. ನಂತರ ಸ್ವಲ್ಪ ಅನುಮಾನದಿಂದ, "ಇನ್ನೂ ಕೆಲಸ ಮಾಡುತ್ತಾ ಸಾರ್?" ಎಂದು ಕೇಳಿದರು. ಈವರೆಗೆ ಒಂದು ದಿನವೂ ರಜೆ ಹಾಕಿಲ್ಲವೆಂದು ಹೇಳಿದೆ.