ಗುಂಡು ಮೆನು

ಭಾಮೈದ ಮೈಸೂರಿನಲ್ಲಿ ಹೋಟೆಲ್ ಶುರು ಮಾಡಿದ. ಶುದ್ಧ ಸಸ್ಯಾಹಾರಿ, ಎಂಟೇ ಟೇಬಲ್. "ಭಾವ, ಬರೀ ಇಡ್ಲಿ-ವಡೆ ಅಂತ ಬರೆದರೆ ಯಾರು ಬರ್ತಾರೆ? ಕಲೆ, ಇತಿಹಾಸ ಎಲ್ಲ ಸೇರಿಸಿ ಮೆನು ಬರೆದುಕೊಡಿ" ಅಂದ. ಮನೆಯಲ್ಲಂತೂ ನನ್ನ ಇತಿಹಾಸ ಕೇಳುವವರಿಲ್ಲ. ತಕ್ಷಣ ಒಪ್ಪಿಕೊಂಡೆ.

ಮೊದಲು ಕಲೆ. ಗಂಜೀಫಾ ಅನ್ನೋ ಹಳೇ ಕಾಲದ ಇಸ್ಪೀಟಿನ ಎಲೆಗಳ ಹಾಗೆ ಮೆನು ಗುಂಡಗಿರಲಿ ಅಂದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಆ ಎಲೆಗಳಲ್ಲಿ ಹೊಸ ಹೊಸ ಆಟ ಕಟ್ಟಿದವರು. ಗುಂಡಗಿದ್ದದ್ದು ಉರುಳುತ್ತದೆ ಅನ್ನೋದು ಮಾತ್ರ ಹೊಳೆಯಲಿಲ್ಲ. ಮೊದಲ ದಿನವೇ ಎರಡು ಕಾರ್ಡು ಕೈ ತೊಳೆಯುವ ಬೇಸಿನ್ ಕೆಳಗೆ ಸಿಕ್ಕವು. ಇನ್ನೊಂದು ಸಾಂಬಾರ್ ಬಕೆಟ್ಟಿನ ಮುಚ್ಚಳವಾಗಿತ್ತು. ಚೆನ್ನಾಗಿಯೇ ಕೂತಿತ್ತು, ಸುಳ್ಳು ಹೇಳಬಾರದು.

ಆಮೇಲೆ ವಲಸೆ. ಮೊಮೊ ಪಕ್ಕದಲ್ಲಿ, 1960ರ ದಶಕದಲ್ಲಿ ಬೈಲುಕುಪ್ಪೆಯ ಕಾಡು ಕಡಿದು ನೆಲೆ ನಿಂತ ಟಿಬೆಟಿಯನ್ನರು. ಪೇಡದ ಪಕ್ಕದಲ್ಲಿ, ಪ್ಲೇಗಿಗೆ ಹೆದರಿ ಉನ್ನಾವ್‌ನಿಂದ ಧಾರವಾಡಕ್ಕೆ ಬಂದ ಠಾಕೂರ್ ಮನೆತನ. ಮೆಣಸಿನಕಾಯಿ ಬಜ್ಜಿಗೆ ಪೋರ್ಚುಗೀಸರು. ಅವರು ಮೆಣಸಿನಕಾಯಿ ತರುವ ಮೊದಲು ನಮ್ಮ ಖಾರಕ್ಕೆ ಹೆಚ್ಚಾಗಿ ಕಾಳುಮೆಣಸೇ ಗತಿ, ಅಲ್ವಾ? ಇಷ್ಟೆಲ್ಲ ಬರೆದ ಮೇಲೆ ರೇಟ್ ಹಾಕೋಕೆ ಜಾಗ ಉಳಿಯಲಿಲ್ಲ. ಅಕ್ಷರ ಸಣ್ಣದು ಮಾಡಿಸಿದೆವು. ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು, ಕಾರ್ಡು ತಿರುಗಿಸಿ ತಿರುಗಿಸಿ ಬಜ್ಜಿಯವರೆಗೂ ಓದಿದರು. "ಎಲ್ಲಾ ಸರಿ. ಈಗ ಬಿಸಿ ಏನಿದೆ?" ಅಂದರು.

ನಿಜವಾದ ಎಡವಟ್ಟು ಇಡ್ಲಿಯದು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ 'ಇಡ್ಡರಿಕಾ' ಬರುತ್ತದೆ. ಅದಕ್ಕೆ ಅಕ್ಕಿ ಇಲ್ಲ, ಬರೀ ಉದ್ದು. ಅದನ್ನು ಬರೆದೆ. ಅದೇ ಪುಸ್ತಕದಲ್ಲಿ ಹೊಲದ ಇಲಿ ಹುರಿಯುವ ಕ್ರಮವೂ ಇದೆ. ಮನೆಯಲ್ಲಿ ಹೇಳಿ ನಗಿಸೋಣ ಅಂತ ಹಾಳೆಯ ಅಂಚಿನಲ್ಲಿ ಸುಮ್ನೆ 'ಹುರಿದ ಇಲಿ' ಅಂತ ಗೀಚಿಕೊಂಡಿದ್ದೆ. ಡಿಟಿಪಿ ಹುಡುಗ ಪಾಪ, ಅದೂ ಒಂದು ಐಟಂ ಅಂದುಕೊಂಡ. ಇಡ್ಲಿಯ 40 ರೂಪಾಯಿಯನ್ನೇ ಅದಕ್ಕೂ ಹಾಕಿದ. ಪ್ರೂಫ್ ನೋಡಿದ್ದು ನಾನೇ. ಮೂರು ಸಲ ನೋಡಿದರೂ ಇಲಿ ನನಗೆ ಇಡ್ಲಿ ಅಂತಲೇ ಓದಿಸಿಕೊಂಡಿತು.

ಭಾನುವಾರ ಬೆಳಿಗ್ಗೆ. ಹೋಟೆಲ್ ತುಂಬಿತ್ತು. ಅಜ್ಜಿ, ಮೊಮ್ಮಕ್ಕಳು ಸಮೇತ ಬಂದವರೊಬ್ಬರು ಕಾರ್ಡಿನ ಮೇಲೆ ಬೆರಳಿಟ್ಟು, "ಏನ್ರೀ ಇದು, ಹುರಿದ ಇಲಿ?" ಅಂತ ಜೋರಾಗಿ ಕೇಳಿದರು. ಕ್ಯಾಷ್ ಕೌಂಟರಿನಲ್ಲಿದ್ದ ಭಾಮೈದ ನನ್ನ ಕಡೆ ತಿರುಗಿದ. ನಾನು ಕಾಫಿ ಲೋಟದೊಳಗೆ ನೋಡತೊಡಗಿದೆ.

ಎರಡೂ ಕೈಯಲ್ಲಿ ದೋಸೆ ಹಿಡಿದು ಓಡುತ್ತಿದ್ದ ಸಪ್ಲೈಯರ್ ನಿಲ್ಲಲೂ ಇಲ್ಲ.

"ಅದು ಖಾಲಿ ಸಾರ್. ಸಂಜೆ ನಾಲ್ಕರ ಮೇಲೆ ಸಿಗುತ್ತೆ."